ಪ್ಯಾರಲಲ್ ಟರ್ನ್: ತಿರುವು ಶುರುವಾಗೋದು ಯಾವ ಕಾಲಿಂದ?

ಗುಲ್ಮಾರ್ಗ್‌ನಲ್ಲೋ ಔಲಿಯಲ್ಲೋ ಬೇಸಿಕ್ ಕೋರ್ಸ್ ಮುಗಿಸಿದ ಹೆಚ್ಚಿನವರು ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ತಾರೆ. ಸ್ಕೀಗಳ ತುದಿ ಹತ್ತಿರ, ಹಿಂಭಾಗ ಅಗಲ ಮಾಡಿ ನಿಧಾನಿಸುವ ವೆಡ್ಜ್ ಚೆನ್ನಾಗಿ ಬರುತ್ತೆ. ಎರಡೂ ಸ್ಕೀ ಸಮಾನಾಂತರವಾಗಿಟ್ಟು ತಿರುಗೋದೂ ಸುಮಾರಾಗಿ ಬರುತ್ತೆ. ಆದರೆ ಪ್ರತಿ ತಿರುವಿನ ಆರಂಭದಲ್ಲಿ ಒಂದು ಸಣ್ಣ ವೆಡ್ಜ್ ಇಣುಕುತ್ತೆ. ಇಳಿಜಾರು ಕಡಿಮೆ ಇದ್ದಾಗ ಪರವಾಗಿಲ್ಲ. ಕಡಿದಾದ, ಗಟ್ಟಿ ಹಿಮದ ಮೇಲೆ ಎರಡು ಸ್ಕೀಗಳೂ ಎರಡು ದಿಕ್ಕಿಗೆ ಎಳೆಯತೊಡಗಿದರೆ ಮಂಡಿಗೆ ಅಪಾಯ.

"ಕಾಲು ಜೋಡಿಸಿ" ಅಂತ ಕೂಗಿದರೆ ಇದು ಸರಿಹೋಗಲ್ಲ. ತಪ್ಪು ಕಾಲಿನಲ್ಲಿಲ್ಲ, ಹೆದರಿಕೆಯಲ್ಲಿದೆ. ತಿರುಗುವಾಗ ಒಂದು ಕ್ಷಣ ಸ್ಕೀಗಳು ನೇರ ಕೆಳಮುಖವಾಗುತ್ತವೆ, ಇದಕ್ಕೆ ಫಾಲ್ ಲೈನ್ ಅಂತಾರೆ. 15 ಡಿಗ್ರಿ ಇಳಿಜಾರಿನಲ್ಲಿ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, g sin 15° ಅಂದ್ರೆ ಸುಮಾರು 2.5 ಮೀ/ಸೆ² ವೇಗೋತ್ಕರ್ಷ. ಒಂದೇ ಸೆಕೆಂಡಿನಲ್ಲಿ ವೇಗ ಗಂಟೆಗೆ 9 ಕಿ.ಮೀ. ಏರುತ್ತೆ. ದೇಹ ತಾನಾಗಿ ಹಿಂದಕ್ಕೆ ವಾಲುತ್ತೆ, ಸ್ಕೀಯ ಮುಂಭಾಗ ಹಗುರಾಗಿ ಹಿಮವನ್ನು ಹಿಡಿಯೋದೇ ಇಲ್ಲ. ತಿರುಗದ ಸ್ಕೀಯನ್ನು ಆಗ ಹಿಮ್ಮಡಿಯಿಂದ ತಳ್ಳಬೇಕಾಗುತ್ತೆ. ಅದೇ ವೆಡ್ಜ್!

ಆದ್ದರಿಂದ ಕಲಿಸುವಾಗ ಮೊದಲು ಸುಲಭದ ಇಳಿಜಾರಿಗೆ ವಾಪಸ್ ಬರೋಣ. ಮೊಣಕಾಲಿನ ಕೆಳಗಿನ ಮುಂಭಾಗ ಬೂಟಿನ ನಾಲಿಗೆಗೆ ಸದಾ ತಾಕಿರಲಿ. ನಂತರ ಸೈಡ್‌ಸ್ಲಿಪ್: ಇಳಿಜಾರಿಗೆ ಅಡ್ಡಲಾಗಿ ನಿಂತು, ಎರಡೂ ಸ್ಕೀಗಳ ಅಂಚನ್ನು ಒಟ್ಟಿಗೆ ಸಡಿಲಿಸಿ ಕೆಳಕ್ಕೆ ಜಾರೋದು, ಮತ್ತೆ ಅಂಚು ಹಿಡಿಸಿ ನಿಲ್ಲೋದು. ಬೋರ್ ಹೊಡೆಯುವ ಅಭ್ಯಾಸ ನಿಜ, ಆದರೆ ನಮ್ಮ ಪ್ರಕಾರ ಇದಕ್ಕಿಂತ ಬೆಲೆಬಾಳುವ ಡ್ರಿಲ್ ಇನ್ನೊಂದಿಲ್ಲ. ಎರಡೂ ಅಂಚು ಒಟ್ಟಿಗೆ ಬದಲಾಗೋದೇ ಪ್ಯಾರಲಲ್ ಟರ್ನ್‌ನ ಗುಟ್ಟು.

ಈಗ ಶೀರ್ಷಿಕೆಯ ಪ್ರಶ್ನೆ. ಎಲ್ಲರ ಗಮನ ಹೊಸದಾಗಿ ಹೊರಗಿನದಾಗುವ, ಅಂದರೆ ಸದ್ಯ ಮೇಲಿರುವ ಸ್ಕೀ ಮೇಲೇ ಇರುತ್ತೆ. ಅದನ್ನು ಮೊದಲು ತಿರುಗಿಸಿದರೆ, ಕೆಳಗಿನ ಸ್ಕೀ ಇನ್ನೂ ಹಳೆಯ ಅಂಚನ್ನೇ ಹಿಡಿದಿರುತ್ತೆ. ಬೀಗ ತೆಗೆಯದೆ ಬಾಗಿಲು ತಳ್ಳಿದ ಹಾಗೆ. ಬದಲಿಗೆ ಕೆಳಗಿನ ಪಾದವನ್ನು ಕಿರುಬೆರಳಿನ ಕಡೆಗೆ ನಿಧಾನವಾಗಿ ವಾಲಿಸಿ. ಅಂಚು ಬಿಡುತ್ತೆ, ಎರಡೂ ಸ್ಕೀ ಒಂದು ಕ್ಷಣ ಚಪ್ಪಟೆಯಾಗುತ್ತವೆ, ಮುಂಭಾಗ ತಾನಾಗೇ ಕೆಳಕ್ಕೆ ಹೊರಳುತ್ತೆ. ಆ ಕ್ಷಣ ಕಾಯುವ ತಾಳ್ಮೆ ಬೇಕಷ್ಟೆ. ಬಾಯಲ್ಲಿ "ಒಂದು, ಎರಡು, ಮೂರು" ಎಣಿಸಿಕೊಂಡರೆ ಅವಸರ ತಪ್ಪುತ್ತೆ.

ತೂಕ ಎಲ್ಲಿರಬೇಕು? ಬಹುಪಾಲು ಹೊರಗಿನ ಸ್ಕೀ ಮೇಲೆ. ಪರೀಕ್ಷೆ ಸುಲಭ: ತಿರುವಿನ ನಡುವೆ ಒಳಗಿನ ಸ್ಕೀಯ ಹಿಂಭಾಗವನ್ನು ಮಾತ್ರ ಎತ್ತಿ, ತುದಿ ಹಿಮಕ್ಕೆ ತಾಕಿರಲಿ. ಎತ್ತಲು ಆಗದಿದ್ದರೆ ತೂಕ ಒಳಗಡೆ ಸೇರಿಕೊಂಡಿದೆ. ಬೈಕ್ ಓಡಿಸುವವರಿಗೆ ಈ ಚಟ ಜಾಸ್ತಿ, ಇಡೀ ದೇಹ ಒಳಕ್ಕೆ ವಾಲಿಸ್ತಾರೆ! ಸ್ಕೀಯಲ್ಲಿ ಕಾಲುಗಳು ಒಳಕ್ಕೆ ವಾಲಬೇಕು, ಸೊಂಟದಿಂದ ಮೇಲೆ ದೇಹ ಸಾಧ್ಯವಾದಷ್ಟು ನೆಟ್ಟಗಿರಬೇಕು, ಎದೆ ಕೆಳಗಿನ ಕಣಿವೆಯ ಕಡೆ ನೋಡಬೇಕು.

ಮೆಕ್ಯಾನಿಕಲ್‌ನವರಿಗೆ ಇನ್ನೊಂದು ಲೆಕ್ಕ. ಸ್ಕೀಯ ನಡು ಸಣ್ಣ, ಎರಡು ತುದಿ ಅಗಲ. ಈ ಸೈಡ್‌ಕಟ್‌ನ ತ್ರಿಜ್ಯ R ಆದರೆ, ಗಟ್ಟಿ ಹಿಮದ ಮೇಲೆ θ ಕೋನಕ್ಕೆ ವಾಲಿಸಿದ ಸ್ಕೀ ಕೊರೆಯುವ ತಿರುವಿನ ತ್ರಿಜ್ಯ ಸರಿಸುಮಾರು R cos θ. 14 ಮೀಟರ್ ಸ್ಕೀಯನ್ನು 30 ಡಿಗ್ರಿ ವಾಲಿಸಿದರೆ ಸುಮಾರು 12 ಮೀಟರ್, 60 ಡಿಗ್ರಿಗೆ 7 ಮೀಟರ್. ಅಂದರೆ ಚಿಕ್ಕ ತಿರುವಿಗೆ ಪಾದ ತಿರುಚೋದಕ್ಕಿಂತ ಅಂಚಿನ ಕೋನ ಹೆಚ್ಚಿಸೋದು ಮೇಲು. ಮಧ್ಯಮ ಹಂತದಲ್ಲಿ ಸ್ವಲ್ಪ ಜಾರಾಟ ಇದ್ದೇ ಇರುತ್ತೆ, ಬೇಸರ ಬೇಡ.

ವೇಗ ಕಡಿಮೆ ಮಾಡೋಕೆ ಬ್ರೇಕ್ ಹುಡುಕಬೇಡಿ. ತಿರುವನ್ನು ಪೂರ್ತಿ ಮುಗಿಸಿ, ಸ್ಕೀ ಇಳಿಜಾರಿಗೆ ಅಡ್ಡ ಬರೋ ತನಕ. ಹಿಮದ ಮೇಲಿನ ಗೆರೆ Z ಥರ ಮೂಲೆ ಮೂಲೆಯಾಗಿದ್ದರೆ ಆತುರ ಆಗಿದೆ, ಹಾವಿನ ನಡೆಯ ಹಾಗೆ ದುಂಡಗಿದ್ದರೆ ಸರಿ.

ಹಿಂದಿನಿಂದ ಬರುವವರೇ ಮುಂದಿರುವವರನ್ನು ತಪ್ಪಿಸಿಕೊಂಡು ಹೋಗಬೇಕು ಅನ್ನೋದು ಅಂತಾರಾಷ್ಟ್ರೀಯ ಸ್ಕೀ ಸಂಸ್ಥೆಯ ನಿಯಮ. ಹಾಗಾಗಿ ಗುಲ್ಮಾರ್ಗ್ ಗೊಂಡೋಲಾದ ಎರಡನೇ ಹಂತ ಹತ್ತಿ ಅಫರ್ವತ್ ಕಡೆ ಹೋಗುವ ಮುಂಚೆ ಕೊಂಗ್‌ಡೂರಿಯ ಇಳಿಜಾರಿನಲ್ಲೇ ಒಮ್ಮೆ ನೋಡಿಕೊಳ್ಳಿ: ಎಡಕ್ಕೆ ಹತ್ತು, ಬಲಕ್ಕೆ ಹತ್ತು ತಿರುವು, ವೆಡ್ಜ್ ಇಲ್ಲದೆ, ಸ್ನೇಹಿತರು ಕೂಗಿದ ಕೂಡಲೇ ಎರಡೂ ಬದಿಗೆ ನಿಲ್ಲೋಕೆ ಬರುತ್ತಾ? ಬಹುತೇಕರಿಗೆ ಒಂದು ಬದಿ ಮಾತ್ರ ಬರುತ್ತೆ. ಇನ್ನೊಂದು ಬದಿಯಲ್ಲಿ ಸೈಡ್‌ಸ್ಲಿಪ್‌ನಿಂದ ಮತ್ತೆ ಶುರು ಮಾಡಿ.