ಮೊದಲ ಪ್ರೀತಿಗೆ ಆರು ಸೂತ್ರಗಳು

ಸುಗ್ಗಿ ಹಬ್ಬದ ಭಾನುವಾರ ಬೆಳಿಗ್ಗೆ ಆರಕ್ಕೇ ಚರ್ಚಿನಲ್ಲಿದ್ದೆ. ಶಾಮಿಯಾನ, ಮೈಕು, ಹರಾಜಿಗೆ ಬಂದ ಬಾಳೆಗೊನೆ, ಬೂದುಗುಂಬಳಗಳ ಪಟ್ಟಿ ಎಲ್ಲ ನನ್ನ ತಲೆಯ ಮೇಲೇ. ಸಂಜೆ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹೊಳೆಯಿತು: ಇಡೀ ದಿನ ದೇವರ ಜೊತೆ ಒಂದು ಮಾತೂ ಆಡಿಲ್ಲ! ಕುಂಬಳಕಾಯಿ ಎಷ್ಟಕ್ಕೆ ಹೋಯಿತು ಅನ್ನೋದು ಮಾತ್ರ ಚೆನ್ನಾಗಿ ನೆನಪಿತ್ತು. ಆಮೇಲೆ ಕಲಿತದ್ದು ಇಷ್ಟು.

1. ಓಡಾಟವನ್ನೇ ಪ್ರೀತಿ ಅಂದುಕೊಳ್ಳಬೇಡಿ
ಪ್ರಕಟನೆ 2ನೇ ಅಧ್ಯಾಯದ ಎಫೆಸ ಸಭೆಯವರು ಸೋಮಾರಿಗಳೇನಲ್ಲ. ದುಡಿಮೆ, ತಾಳ್ಮೆ, ಸುಳ್ಳು ಅಪೊಸ್ತಲರನ್ನು ಪತ್ತೆ ಹಚ್ಚುವ ಚುರುಕು, ಎಲ್ಲದಕ್ಕೂ ಯೇಸುವಿನಿಂದ ಶಾಭಾಸ್ ಸಿಕ್ಕಿತು. ದೂರು ಒಂದೇ: ಮೊದಲಿನ ಪ್ರೀತಿ ಬಿಟ್ಟರು. ಪರಿಹಾರವೂ ಅಲ್ಲೇ ಇದೆ. ಎಲ್ಲಿಂದ ಬಿದ್ದೆ ಅನ್ನೋದನ್ನು ನೆನಪು ಮಾಡಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದುದನ್ನು ಮಾಡು. ನೀವು ಹೊಸದಾಗಿ ನಂಬಿದ ದಿನಗಳಲ್ಲಿ ಏನು ಮಾಡುತ್ತಿದ್ದಿರಿ? ಒಂದು ಚೀಟಿಯಲ್ಲಿ ಬರೆಯಿರಿ. ಅದರಲ್ಲಿ ಒಂದನ್ನು ಇವತ್ತೇ ಮತ್ತೆ ಹಿಡಿಯಿರಿ.

2. ಕಣ್ಣು ಬಿಟ್ಟ ಕೂಡಲೇ ಸತ್ಯವೇದ
ಬ್ರಿಸ್ಟಲ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್‌ಗೂ ಪ್ರಾರ್ಥನೆಗೆ ಕೂತರೆ ಮನಸ್ಸು ಎಲ್ಲೆಲ್ಲೋ ಅಲೆಯುತ್ತಿತ್ತು. ಮೊದಲು ವಾಕ್ಯ ಓದಿ, ಮೆಲುಕು ಹಾಕಿ, ಆಮೇಲೆ ಪ್ರಾರ್ಥಿಸುವ ಕ್ರಮ ಹಿಡಿದ ಮೇಲೆ ಪ್ರಾರ್ಥನೆ ತಾನಾಗಿ ಬಂತಂತೆ. ದೇವರಲ್ಲಿ ಮನಸ್ಸು ಸಂತೋಷಪಡುವುದೇ ದಿನದ ಮೊದಲ ಕೆಲಸ, ಸೇವೆ ಆಮೇಲೆ ಎಂದು 1841ರಲ್ಲಿ ಬರೆದಿಟ್ಟರು. ಫೋನು ಹಾಲ್‌ನಲ್ಲೇ ಚಾರ್ಜ್ ಆಗಲಿ. ವಾಟ್ಸಾಪಿನಲ್ಲಿ ಬರುವ ದಿನದ ವಾಕ್ಯ ಲೆಕ್ಕಕ್ಕಿಲ್ಲ.

3. ಪಾತ್ರೆ ತೊಳೆಯುವಾಗಲೂ ಆಗುತ್ತೆ
ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬೊಬ್ಬರಿದ್ದರು. ಹಿಂದೆ ಸೈನಿಕ, ಮಠದಲ್ಲಿ ಅಡುಗೆಯವರು, ಕೊನೆಗೆ ಚಪ್ಪಲಿ ಹೊಲಿಯುವವರು. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವೇ ಇರಲಿಲ್ಲ. ಆದರೂ ಅಲ್ಲೇ ದೇವರ ಜೊತೆ ಮಾತಾಡುತ್ತಾ ವರ್ಷಗಟ್ಟಲೆ ದುಡಿದರು. 1691ರಲ್ಲಿ ತೀರಿಕೊಂಡ ಆ ಅಡುಗೆಯವರ ಮಾತುಗಳನ್ನು ಜಗತ್ತು ಇಂದಿಗೂ ಓದುತ್ತಿದೆ.

4. ಪಾಸ್‌ಬುಕ್ ತೆರೆದು ನೋಡಿ
ದುಡ್ಡು ಹೋದ ಕಡೆಗೆ ಮನಸ್ಸೂ ಹೋಗಿರುತ್ತದೆ. ದಶಮಾಂಶವನ್ನು ಸಾಲದ ಕಂತಿನಂತೆ ನಿಟ್ಟುಸಿರಿಟ್ಟು ಕೊಡುತ್ತಿದ್ದರೆ ಸಮಸ್ಯೆ ಮೊತ್ತದ್ದಲ್ಲ.

5. ದೇವರ ಹೆಸರಲ್ಲಿ ಮನೆಯವರಿಗೆ ಮೋಸ ಬೇಡ
ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ತಂದೆತಾಯಿಗಿಂತಲೂ ನನ್ನನ್ನು ಹೆಚ್ಚು ಪ್ರೀತಿಸಬೇಕು ಎಂದ ಯೇಸುವೇ, ಮಾರ್ಕ 7ರಲ್ಲಿ ಆಸ್ತಿಯನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ಹೆತ್ತವರಿಗೆ ಕೈಕೊಟ್ಟವರನ್ನು ತರಾಟೆಗೆ ತೆಗೆದುಕೊಂಡ. ಉಪವಾಸ ಕೂಟಕ್ಕೆ ಹೋಗಿ ಅಮ್ಮನ ಔಷಧಿ ತರಲು ಮರೆತವರು ನಮ್ಮಲ್ಲೂ ಇದ್ದಾರೆ (ನಾನೂ ಒಬ್ಬ). ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಹೇಗೆ ಪ್ರೀತಿಸಿಯಾನು ಎಂಬುದು ಯೋಹಾನನ ಪ್ರಶ್ನೆ. ಉತ್ತರ ಹೇಳುವುದು ಕಷ್ಟ.

6. ಜಾರಿದರೆ ಮತ್ತೆ ಬೆಂಕಿಯ ಹತ್ತಿರ ಬನ್ನಿ
ಪೇತ್ರ ಯೇಸುವನ್ನು ಅರಿಯೆನೆಂದದ್ದು ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ. ಯೋಹಾನ 21ರಲ್ಲಿ ಸಮುದ್ರದ ದಡದಲ್ಲಿ ಅವನಿಗೆ ಕಂಡದ್ದೂ ಇದ್ದಲಿನ ಬೆಂಕಿಯೇ, ಮೇಲೆ ಮೀನು. ಅಲ್ಲಿ ಮೊದಲು ಊಟ ಸಿಕ್ಕಿತು. ಸಮಜಾಯಿಷಿ ಯಾರೂ ಕೇಳಲಿಲ್ಲ. ಪ್ರೀತಿಸುತ್ತೀಯಾ ಎಂಬ ಒಂದೇ ಪ್ರಶ್ನೆ, ಮೂರು ಸಲ. ಕುರಿ ಮೇಯಿಸುವ ಕೆಲಸ ಕೊಟ್ಟದ್ದು ಆ ಪ್ರಶ್ನೆಯ ನಂತರ.

ಮುಂದಿನ ಭಾನುವಾರ ಆರಾಧನೆಗೆ ಹತ್ತು ನಿಮಿಷ ಮುಂಚೆ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಿ. ಕುರ್ಚಿ ಹಾಕಲು ಬೇರೆ ಯಾರಾದರೂ ಸಿಗುತ್ತಾರೆ.