ಗಿಟಾರ್ ಆಂಪ್ ಹಾಡನ್ನು ನುಂಗದಿರಲಿ

ಶಿಡ್ಲಘಟ್ಟದ ಕಡೆ ಗಣೇಶನ ಹಬ್ಬವೋ ರಾಜ್ಯೋತ್ಸವವೋ ಬಂತೆಂದರೆ ಎಲ್ಲೋ ಒಂದು ಕಡೆ ರಸಮಂಜರಿ ಇದ್ದೇ ಇರುತ್ತದೆ. ಬೀದಿಯಲ್ಲೇ ವೇದಿಕೆ, ಎದುರಿಗೆ ಅಂಗಡಿ ಶಟರ್‌ಗಳು. ಒಂದು ಹಾಡು ಕನ್ನಡದ್ದಾದರೆ ಮುಂದಿನ ಕೋರಿಕೆ ಚೀಟಿ ತೆಲುಗಿನದು. ಭಾಷೆ ಯಾವುದಾದರೂ ಜನಕ್ಕೆ ಸಾಹಿತ್ಯ ಕೇಳಿಸಬೇಕು. ಗಿಟಾರ್ ಹೊಂದಿಸಬೇಕಾದ್ದು ಹಾಡುವವರ ದನಿಗೆ.

ಮೊದಲು ಜಾಗ. ಆಂಪ್ ನೆಲದ ಮೇಲಿದ್ದರೆ ಸದ್ದೆಲ್ಲ ನುಡಿಸುವವರ ಮೊಣಕಾಲಿಗೆ ಹೊಡೆಯುತ್ತದೆ. ಸ್ಪೀಕರಿನ ತೀಕ್ಷ್ಣ ಸ್ವರಗಳು ನೇರ ಗೆರೆಯಲ್ಲೇ ಹೋಗುವುದರಿಂದ ಅವರಿಗೆ ಮಂಕಾಗಿ ಕೇಳಿಸುತ್ತದೆ. ಅವರು ಟ್ರೆಬಲ್ ಏರಿಸುತ್ತಾರೆ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಕಡೆ ಟೊಮೆಟೊ ಕ್ರೇಟ್‌ಗೆ ಬರವಿಲ್ಲ. ಗಟ್ಟಿಯಾದದ್ದೊಂದನ್ನು ಮಗುಚಿ ಹಾಕಿ, ಅದರ ಮೇಲೆ ಆಂಪ್ ಇಟ್ಟು, ಮುಖ ನಿಮ್ಮ ಕಿವಿಯತ್ತ ತುಸು ವಾಲಿಸಿ. ಹಲಗೆಯ ವೇದಿಕೆ ಗುಮ್ಮೆನ್ನುವುದೂ ಕಡಿಮೆಯಾಗುತ್ತದೆ. ಹಾಡುವವರ ಮೈಕಿಗೆ ಮಾತ್ರ ಅದು ನೇರ ಮುಖ ಮಾಡಬಾರದು.

ಸೌಂಡ್ ಚೆಕ್‌ನಲ್ಲಿ ಡ್ರಮ್ಸ್ ಅಥವಾ ರಿದಮ್ ಪ್ಯಾಡ್, ಬೇಸ್, ಕೀಬೋರ್ಡ್, ಗಾಯನ ಎಲ್ಲ ಕೂತ ಮೇಲೆ ಗಿಟಾರ್ ಸೇರಿಸಿ. ಮನೆಯಲ್ಲಿ ಒಬ್ಬರೇ ಕೂತು ಹೊಂದಿಸಿದ ಟೋನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಸ್ ಹೆಚ್ಚಿಸಿ ಮಿಡ್ ತೆಗೆದರೆ ಕೋಣೆಯಲ್ಲಿ ಇಂಪು. ತಂಡದಲ್ಲಿ ಗಿಟಾರೇ ಮಾಯ! ಗಿಟಾರಿನ ದಪ್ಪ ತಂತಿ ಮೀಟಿದರೆ ಸುಮಾರು 82 ಹರ್ಟ್ಸ್, ಬೇಸ್ ಗಿಟಾರಿನದು 41. ಆ ತಳವನ್ನು ಬೇಸ್‌ನವರಿಗೇ ಬಿಟ್ಟು ನಿಮ್ಮ ಬೇಸ್ ಗುಂಡಿ ಇಳಿಸಿ, ಮಿಡ್ ಉಳಿಸಿಕೊಳ್ಳಿ. ಸಾಹಿತ್ಯದ ಸ್ಪಷ್ಟತೆ ಇರುವುದು ಹೆಚ್ಚುಕಡಿಮೆ 2,000ದಿಂದ 4,000 ಹರ್ಟ್ಸ್ ನಡುವೆ. ಪದಗಳು ಮಸುಕಾದರೆ ಪ್ರೆಸೆನ್ಸ್, ಟ್ರೆಬಲ್ ತಗ್ಗಿಸಿ. ಡಿಸ್ಟಾರ್ಷನ್ ಮನೆಯಲ್ಲಿದ್ದುದರ ಅರ್ಧ ಸಾಕು. ರಿವರ್ಬ್ ಅಂತೂ ಶಟರ್‌ಗಳೇ ಬೇಕಾದಷ್ಟು ಕೊಡುತ್ತವೆ.

ಕೇಳಿಸುತ್ತಿಲ್ಲವೆಂದು ದೊಡ್ಡ ಆಂಪ್ ತರುವವರಿದ್ದಾರೆ. 50 ವ್ಯಾಟ್ 100 ಆದರೆ ಸಿಗುವುದು 3 ಡೆಸಿಬಲ್ ಅಷ್ಟೇ, ಸದ್ದು ಇಮ್ಮಡಿಯಾಗದು. ಅದರ ಬದಲು ಕೀಬೋರ್ಡ್‌ನವರೊಂದಿಗೆ ಮಾತಾಡಿ: ಅವರು ಕೆಳಗಿನ ಸ್ವರಗಳಲ್ಲಿದ್ದರೆ ನೀವು ತೆಳು ತಂತಿಗಳಲ್ಲಿರಿ.

ಸೋಲೋಗೆ ಬೂಸ್ಟ್ ಪೆಡಲ್ ಇಟ್ಟುಕೊಳ್ಳಿ, ಆದರೆ ಡಿಸ್ಟಾರ್ಷನ್ ಆದ ನಂತರ. ಮೊದಲೇ ಇಟ್ಟರೆ ಕರಕರ ಹೆಚ್ಚುತ್ತದೆಯೇ ಹೊರತು ಗಿಟಾರ್ ಮುಂದೆ ಬರುವುದಿಲ್ಲ.

ಆಂಪ್‌ಗೆ ಮೈಕ್ ಇಡುವುದಾದರೆ ಜಾಲರಿಗೆ ಹತ್ತಿರ, ಕೋನ್‌ನ ನಟ್ಟನಡುವಿನಿಂದ ಸ್ವಲ್ಪ ಪಕ್ಕಕ್ಕೆ. ಪ್ರೊಸೆಸರ್‌ನಿಂದ ನೇರ ಮಿಕ್ಸರ್‌ಗೆ ಕೊಡುವವರು ಕ್ಯಾಬಿನೆಟ್ ಸೆಟ್ಟಿಂಗ್ ಹಾಕಲೇಬೇಕು, ಇಲ್ಲದಿದ್ದರೆ ಡಿಸ್ಟಾರ್ಷನ್ ಜೀರುಂಡೆಯ ದನಿಯಾಗುತ್ತದೆ. ಹೀಗೆ ನೇರ ಕೊಟ್ಟಾಗ ವೇದಿಕೆಯಲ್ಲಿ ಆಂಪ್ ಇರದು, ನಿಮಗೆ ಕೇಳಿಸಲು ಮಾನಿಟರ್ ಬಾಕ್ಸ್ ಕೇಳಿ ಪಡೆಯಿರಿ.

ಕೊನೆಗೆ ಗಿಟಾರನ್ನು ಇನ್ನೊಬ್ಬರ ಕೈಗೆ ಕೊಟ್ಟು ಜನ ಕೂರುವ ನಡುಭಾಗದಲ್ಲಿ ನಿಂತು ಕೇಳಿ. ಜನ ತುಂಬಿದ ಮೇಲೆ ಮೈಗಳೇ ತೀಕ್ಷ್ಣ ಸ್ವರಗಳನ್ನು ಹೀರುತ್ತವೆ. ಎರಡನೇ ಹಾಡಿನ ಹೊತ್ತಿಗೆ ಇನ್ನೊಮ್ಮೆ ಸರಿಮಾಡಿ. ಜನರೇಟರ್ ಕರೆಂಟಿನಲ್ಲಿ ಗುಂಯ್ ಎಂದರೆ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕಬೇಡಿ. ಅದಿಲ್ಲದಾಗ ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆದು ಜೀವಕ್ಕೇ ಅಪಾಯ. ಆಂಪ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು ನೋಡಿ. ಆಗಲೂ ನಿಲ್ಲದಿದ್ದರೆ ಗ್ರೌಂಡ್ ಲಿಫ್ಟ್ ಗುಂಡಿಯಿರುವ ಡಿಐ ಬಾಕ್ಸ್ ಬಳಸಿ.