ಮನೆಯ ವಿದ್ಯುತ್ ಮೀಟರು: ತಪ್ಪು ಯಾರದೆಂದು ತಿಳಿಯುವ ಬಗೆ



ಅಡಿಕೆ ಮೂಟೆ ಮಂಡಿಯ ತಕ್ಕಡಿ ಏರಿದಾಗ ನಾವು ಯಾರೂ ಬೇರೆ ಕಡೆ ನೋಡುವುದಿಲ್ಲ. ತಕ್ಕಡಿ ಸೊನ್ನೆಯಲ್ಲಿ ನಿಂತಿತ್ತೇ, ಚೀಲದ ತೂಕವೆಂದು ಎಷ್ಟು ಕಳೆದರು ಎಂಬುದನ್ನೆಲ್ಲ ಕಣ್ಣಿಟ್ಟು ನೋಡುತ್ತೇವೆ. ಕಾಫಿಯ ಔಟ್‌ಟರ್ನ್ ತೆಗೆಯುವಾಗಲಂತೂ ಅರ್ಧ ಅಂಶಕ್ಕೂ ವಾದಕ್ಕೆ ನಿಲ್ಲುತ್ತೇವೆ. ಆದರೆ ನಮ್ಮ ಜಗಲಿಯ ಗೋಡೆಯ ಮೇಲೆಯೇ ಹಗಲೂ ರಾತ್ರಿ ಕೆಲಸ ಮಾಡುತ್ತಿರುವ ಇನ್ನೊಂದು ತಕ್ಕಡಿಯುಂಟು. ಅದೇ ವಿದ್ಯುತ್ ಮೀಟರು. ಅದರ ಮುಖವನ್ನು ವರ್ಷಕ್ಕೊಮ್ಮೆಯಾದರೂ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಬಿಲ್ಲು ಹೆಚ್ಚು ಬಂದಾಗ ಮಾತ್ರ ನಮಗೆ ಮೀಟರಿನ ನೆನಪು. ಆಗ ಕೆಲವರು ಮೀಟರನ್ನು ಬೈಯುತ್ತಾರೆ, ಕೆಲವರು ಲೈನ್‌ಮನ್‌ನನ್ನು, ಇನ್ನು ಕೆಲವರು ಮನೆಯವರನ್ನು. ಬೈಯುವುದಕ್ಕೆ ಮೊದಲು ತಪ್ಪು ಮೀಟರಿನದೋ, ಅದರ ಪರದೆಯದೋ, ನಮ್ಮ ಮನೆಯ ತಂತಿಯದೋ ಎಂದು ತಿಳಿದುಕೊಳ್ಳುವುದು ಲೇಸು. ಅದಕ್ಕೆ ಇಂಜಿನಿಯರರ ವಿದ್ಯೆ ಬೇಡ. ಒಂದು ಗಡಿಯಾರ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಈ ಸಂಚಿಕೆಯ ಪಾಠ ಅದೇ.

1. ಮೀಟರಿನ ಮುಖವನ್ನು ಓದುವುದು

ಮೀಟರು ಅಳೆಯುವುದು ಯೂನಿಟ್ಟನ್ನು. 1000 ವಾಟಿನ ಉಪಕರಣ 1 ಗಂಟೆ ನಡೆದರೆ 1 ಯೂನಿಟ್. 100 ವಾಟಿನದು 10 ಗಂಟೆ ನಡೆದರೂ ಅಷ್ಟೇ.

ತಿರುಗುವ ತಟ್ಟೆಯ ಹಳೆಯ ಮೀಟರು ಈಗ ಅಪರೂಪ. 2006ರ ಕೇಂದ್ರ ನಿಯಮಗಳ ನಂತರ ಹೊಸದಾಗಿ ಹಾಕುವುದೆಲ್ಲ ಎಲೆಕ್ಟ್ರಾನಿಕ್ ಮೀಟರು. ಇದರ ಮುಖದ ಮೇಲೆ ನಾಲ್ಕು ವಿಷಯಗಳನ್ನು ಗುರುತಿಸಿಕೊಳ್ಳಬೇಕು.

ಮೊದಲನೆಯದು, ಮಿನುಗುವ ಸಣ್ಣ ಕೆಂಪು ದೀಪ. ವಿದ್ಯುತ್ ಹರಿದಷ್ಟೂ ಇದು ಬೇಗ ಬೇಗ ಮಿನುಗುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಪಕ್ಕದಲ್ಲಿಯೇ ಅಚ್ಚು ಹಾಕಿರುತ್ತಾರೆ. 1600 ಅಥವಾ 3200 ಎಂಬ ಸಂಖ್ಯೆ ಸಾಮಾನ್ಯ.

ಎರಡನೆಯದು, ಅರ್ಥ್ ಅಥವಾ ಇ/ಎಲ್ ಎಂದು ಬರೆದ ದೀಪ. ಫೇಸಿನಲ್ಲಿ ಒಳಗೆ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ಹಿಂದಕ್ಕೆ ಬಾರದೆ ಹೋದರೆ ಈ ದೀಪ ಹೊತ್ತುತ್ತದೆ. ನಡುವೆ ಎಲ್ಲಿಯೋ ಕರೆಂಟು ನೆಲಕ್ಕೆ ಸೋರುತ್ತಿರಬಹುದು, ಇಲ್ಲವೇ ವೈರಿಂಗಿನಲ್ಲಿ ನ್ಯೂಟ್ರಲ್ ಬದಲಾಗಿ ಸೇರಿರಬಹುದು. ಎರಡೂ ತಂತಿಗಳನ್ನು ಅಳೆಯುವ ಮೀಟರುಗಳು ಸಾಮಾನ್ಯವಾಗಿ ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಆದ್ದರಿಂದ ಸೋರಿದ್ದಕ್ಕೂ ನಾವೇ ಹಣ ಕೊಡಬೇಕು.

ಮೂರನೆಯದು, ಅಂಕಿಯ ಪರದೆ. ಇದು ತಾರೀಕು, ವೇಳೆ, ವೋಲ್ಟೇಜು, ಒಟ್ಟು ಯೂನಿಟ್ ಇವುಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತದೆ. ಎಲ್ಲ ಸ್ಥಾನಗಳಲ್ಲೂ 8 ಮೂಡುವ ಒಂದು ಸರದಿಯುಂಟು. ಅದು ಪರದೆಯು ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಳ್ಳುವ ಕ್ಷಣ. ಆಗ ಪ್ರತಿ 8ರಲ್ಲೂ ಏಳು ಗೀಟುಗಳು ಪೂರ್ತಿ ಕಾಣಬೇಕು.

ನಾಲ್ಕನೆಯದು, ಸೀಲು. ಇದು ನಮ್ಮದಲ್ಲ, ಇಲಾಖೆಯದು. ಮುಟ್ಟಕೂಡದು.

2. ಮೂರು ಪರೀಕ್ಷೆಗಳು

ಬರಿದು ತಕ್ಕಡಿಯ ಪರೀಕ್ಷೆ: ಮೀಟರಿನ ನಂತರ ಬರುವ, ಫೇಸು ನ್ಯೂಟ್ರಲ್ ಎರಡನ್ನೂ ಕಡಿಯುವ ಮೈನ್ ಸ್ವಿಚ್ಚನ್ನು ಆರಿಸಿ. ಕಾಲು ಗಂಟೆ ಮೀಟರಿನ ಮುಂದೆ ಕುಳಿತು ನೋಡಿ. ಕೆಂಪು ದೀಪ ಮಿನುಗುತ್ತಲೇ ಇರಬಾರದು. ಕೆಲವು ಮೀಟರುಗಳಲ್ಲಿ ಅದು ಹೊತ್ತಿಕೊಂಡೇ ನಿಲ್ಲುವುದುಂಟು, ಅದು ದೋಷವಲ್ಲ. ಮೈನ್ ಆರಿಸಿದ ಮೇಲೂ ಮಿನುಗು ನಿಲ್ಲದಿದ್ದರೆ ಮೀಟರು ಬರಿದೇ ಓಡುತ್ತಿದೆ, ಇಲ್ಲವೇ ಮೀಟರಿಗೂ ಮೈನಿಗೂ ನಡುವಿನ ತಂತಿಯಲ್ಲಿ ತೊಂದರೆಯಿದೆ. ಎರಡಕ್ಕೂ ಇಲಾಖೆಯವರನ್ನೇ ಕರೆಯಬೇಕು.

ಸೋರಿಕೆಯ ಪರೀಕ್ಷೆ: ಈಗ ಮೈನ್ ಹಾಕಿ. ಮನೆಯ ಎಲ್ಲ ಉಪಕರಣಗಳನ್ನು ಆರಿಸಿ, ಫ್ರಿಜ್ಜು, ಇನ್ವರ್ಟರುಗಳ ಪ್ಲಗ್ಗನ್ನೂ ಕೀಳಿ. ಆದರೂ ದೀಪ ಮಿನುಗಿದರೆ ಎಲ್ಲಿಯೋ ಕರೆಂಟು ಹೋಗುತ್ತಿದೆ ಎಂದರ್ಥ. ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಆರಿಸುತ್ತ ಬನ್ನಿ. ಯಾವುದನ್ನು ಆರಿಸಿದಾಗ ಮಿನುಗು ನಿಲ್ಲುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ.

ತೂಕದ ಪರೀಕ್ಷೆ: 1000 ವಾಟಿನ, ನೀರು ಕಾಯಿಸುವ ಕಡ್ಡಿಯನ್ನು ಬಕೆಟ್ಟಿನ ನೀರಿನಲ್ಲಿಟ್ಟು, ಉಳಿದುದನ್ನೆಲ್ಲ ಆರಿಸಿ, ಕಡ್ಡಿಯೊಂದನ್ನೇ 6 ನಿಮಿಷ ನಡೆಸಿ. ಸ್ವಿಚ್ಚು ಹಾಕಿರುವಾಗ ನೀರನ್ನಾಗಲಿ ಬಕೆಟ್ಟನ್ನಾಗಲಿ ಮುಟ್ಟಬಾರದು, ಮಕ್ಕಳನ್ನು ದೂರವಿಡಬೇಕು. 6 ನಿಮಿಷವೆಂದರೆ ಗಂಟೆಯ ಹತ್ತನೇ ಒಂದು ಭಾಗ. ಆದ್ದರಿಂದ ಖರ್ಚು 0.1 ಯೂನಿಟ್. ಮೀಟರಿನ ಮೇಲೆ 3200 ಎಂದಿದ್ದರೆ 320 ಮಿನುಗು ಬರಬೇಕು. ಸುಮಾರು ಸೆಕೆಂಡಿಗೊಂದು. ಒಬ್ಬರು ಗಡಿಯಾರ ನೋಡಿ, ಇನ್ನೊಬ್ಬರು ಎಣಿಸಿದರೆ ಸುಲಭ.

ಇಲ್ಲೊಂದು ಎಚ್ಚರಿಕೆ. ಕಡ್ಡಿಯ ಮೇಲೆ ಬರೆದ 1000 ವಾಟ್ ಎಂಬುದು 230 ವೋಲ್ಟಿಗೆ. ನಮ್ಮ ಮಲೆನಾಡಿನ ಲೈನುಗಳಲ್ಲಿ ಸಂಜೆ ಹೊತ್ತು ಅಷ್ಟು ವೋಲ್ಟೇಜು ಎಲ್ಲಿದೆ? ಪರದೆಯಲ್ಲಿ ವೋಲ್ಟೇಜು ಓದಿಕೊಳ್ಳಿ. ಅದು 207 ಇದ್ದರೆ ಕಡ್ಡಿ ಎಳೆಯುವುದು 810 ವಾಟ್ ಮಾತ್ರ. (207ನ್ನು 230ರಿಂದ ಭಾಗಿಸಿದರೆ 0.9. ಅದನ್ನು ಅದರಿಂದಲೇ ಗುಣಿಸಿದರೆ 0.81.) ಆಗ 320ರ ಬದಲು ಸುಮಾರು 259 ಮಿನುಗು ಬಂದರೆ ಮೀಟರು ಸರಿಯಾಗಿಯೇ ಇದೆ. ಕಡ್ಡಿಯ ತಯಾರಿಕೆಯಲ್ಲೂ ಸ್ವಲ್ಪ ಹೆಚ್ಚು ಕಡಿಮೆ ಇರುವುದರಿಂದ ಐದು ಹತ್ತು ಮಿನುಗಿನ ವ್ಯತ್ಯಾಸಕ್ಕೆ ದೂರು ಕೊಡಬೇಡಿ. ನೂರಕ್ಕೆ ಹದಿನೈದು ಇಪ್ಪತ್ತರಷ್ಟು ವ್ಯತ್ಯಾಸ ಕಂಡು, ಎರಡನೇ ಸಲವೂ ಹಾಗೆಯೇ ಬಂದರೆ ಅರ್ಜಿ ಬರೆಯಲು ಕಾರಣವಿದೆ ಎಂದು ತಿಳಿಯಿರಿ.

3. ಎರಡು ಮನೆಗಳ ಕಥೆ

ನಮ್ಮ ಸದಸ್ಯರೊಬ್ಬರ ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲಿ. ತಿಂಗಳಿಗೆ 96 ಯೂನಿಟ್ ಆಸುಪಾಸಿನಲ್ಲಿದ್ದ ಖರ್ಚು ಒಂದು ಮಳೆಗಾಲದಲ್ಲಿ 212ಕ್ಕೆ ಏರಿತು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಇದು ದೊಡ್ಡ ಪೆಟ್ಟು. ಅಮ್ಮನವರು ಫ್ರಿಜ್ಜು ಆರಿಸಿದರು, ರಾತ್ರಿ ಅಂಗಳದ ದೀಪ ಆರಿಸಿದರು. ಮೀಟರು ಕೆಟ್ಟಿದೆ ಎಂದು ಯಜಮಾನರು ಅರ್ಜಿಯನ್ನೂ ಬರೆದಿಟ್ಟರು.

ಅರ್ಜಿ ಕೊಡುವ ಮೊದಲು ಊರಿನ ವೈರಿಂಗ್ ಹುಡುಗನನ್ನು ಕರೆಸಿದ್ದು ಒಳ್ಳೆಯದಾಯಿತು. ಮೈನ್ ಆರಿಸಿದಾಗ ಮಿನುಗು ನಿಂತಿತು. ಮೈನ್ ಹಾಕಿ ಉಳಿದುದನ್ನೆಲ್ಲ ಆರಿಸಿದರೆ ಮತ್ತೆ ಮಿನುಗು, ಜೊತೆಗೆ ಇ/ಎಲ್ ದೀಪವೂ ಹೊತ್ತಿತ್ತು. ಬಾವಿಯ ಪಂಪಿನ ಎಂ.ಸಿ.ಬಿ. ಆರಿಸಿದೊಡನೆ ಎರಡೂ ನಿಂತವು. "ಗೌಡ್ರೇ, ಮೀಟರು ಸುಳ್ಳು ಹೇಳ್ತಾ ಇಲ್ಲ, ನಿಮ್ಮ ಕರೆಂಟು ತೋಟಕ್ಕೆ ಹೋಗ್ತಾ ಇದೆ" ಎಂದ ಹುಡುಗ. ಕುಡಿಯುವ ನೀರಿನ ಬಾವಿಗೆ ಅಡಿಕೆ ಮರಗಳ ಬುಡದಲ್ಲಿ ಹಾದುಹೋದ ಕೇಬಲ್ಲನ್ನು ಇಲಿ ಕಡಿದಿತ್ತು. ಮಳೆ ನೀರು ಇಳಿದು 0.7 ಆಂಪಿಯರ್ ಸೋರುತ್ತಿತ್ತು. ಲೆಕ್ಕ ಹಾಕಿ ನೋಡಿ: 0.7ನ್ನು 230ರಿಂದ ಗುಣಿಸಿದರೆ 161 ವಾಟ್. ದಿನದ 24 ಗಂಟೆಯೂ ಸೋರಿದರೆ ತಿಂಗಳಿಗೆ 116 ಯೂನಿಟ್. 96ಕ್ಕೆ 116 ಕೂಡಿಸಿದರೆ 212. ಮೀಟರು ಒಂದು ಯೂನಿಟ್ಟನ್ನೂ ತಪ್ಪು ಹೇಳಿರಲಿಲ್ಲ.

ಆಗ ಅಮ್ಮನವರಿಗೆ ಒಂದು ವಿಷಯ ನೆನಪಾಯಿತು. ಹದಿನೈದು ದಿನಗಳಿಂದ ಮನೆಯ ಕರು ಬಾವಿಯ ಕಡೆ ಹುಲ್ಲು ಮೇಯಲು ಹೋಗಿ ಬೆಚ್ಚಿ ಹಿಂದಕ್ಕೆ ಜಿಗಿಯುತ್ತಿತ್ತಂತೆ. ಬರಿಗಾಲಿನಲ್ಲಿ ನೀರಿಗೆ ಹೋಗುವ ಮನುಷ್ಯರ ಗತಿಯೇನು? 16 ಆಂಪಿಯರಿನ ಎಂ.ಸಿ.ಬಿ. ಇಂಥ ಸಣ್ಣ ಸೋರಿಕೆಗೆ ಬೀಳುವುದಿಲ್ಲ. ಅದಕ್ಕೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಬೇಕು. ಆ ಮನೆಯಲ್ಲಿ ಈಗ ಹಾಕಿಸಿದ್ದಾರೆ. ನಮ್ಮ ಎಷ್ಟು ಮನೆಗಳಲ್ಲಿ ಅದಿದೆ ಎಂದು ಪ್ರತಿಯೊಬ್ಬ ಸದಸ್ಯರೂ ನೋಡಿಕೊಳ್ಳಬೇಕು.

ಎರಡನೇ ಮನೆಯದು ಬೇರೆ ಬಗೆ. ತಿಂಗಳಿಗೆ 125 ಯೂನಿಟ್ ಬರುತ್ತಿದ್ದ ಮನೆಗೆ ಒಂದು ತಿಂಗಳು 45, ಮುಂದಿನ ತಿಂಗಳು 205 ಬಂತು. ಮೊದಲ ತಿಂಗಳು ಕಡಿಮೆ ಬಂದಾಗ ಸಂತೋಷಪಟ್ಟು ಸುಮ್ಮನಿದ್ದರು. ಎರಡನೇ ತಿಂಗಳು 200 ದಾಟಿ ಪೂರ್ತಿ ಹಣ ಕಟ್ಟುವ ಪ್ರಸಂಗ ಬಂತು. ಎಲ್ಲ 8ಗಳೂ ಮೂಡುವ ಸರದಿಯಲ್ಲಿ ನೋಡಿದರೆ ಹತ್ತರ ಸ್ಥಾನದ 8ಕ್ಕೆ ನಡುವಿನ ಗೀಟು ಇರಲಿಲ್ಲ, ಅದು 0 ಆಗಿ ಕಾಣುತ್ತಿತ್ತು. ಹಿಂದಿನ ರೀಡಿಂಗ್ 4660. ಮೊದಲ ತಿಂಗಳು ನಿಜವಾಗಿ 4785 ಆಗಿದ್ದುದು 4705 ಎಂದು ಕಂಡಿತು. ಮುಂದಿನ ತಿಂಗಳು 4910, ಅದರಲ್ಲಿನ 1ಕ್ಕೆ ನಡುವಿನ ಗೀಟಿನ ಅಗತ್ಯವೇ ಇಲ್ಲವಾದ್ದರಿಂದ ಸರಿಯಾಗಿಯೇ ಕಂಡಿತು. ಮೀಟರಿನ ಎಣಿಕೆ ಸರಿಯಿತ್ತು, ರೀಡಿಂಗ್ ಬರೆದುಕೊಂಡವನೂ ಕಂಡದ್ದನ್ನೇ ಬರೆದಿದ್ದ. ತಪ್ಪಿದ್ದದ್ದು ಒಂದು ಗೀಟಿನಲ್ಲಿ. ಎರಡು ತಿಂಗಳ ಮೊತ್ತ 250, ಸರಾಸರಿ 125 ಎಂದು ಫೋಟೋ ಸಹಿತ ಬರೆದುಕೊಟ್ಟ ಮೇಲೆ ಮೀಟರು ಬದಲಾಯಿತು, ಬಿಲ್ಲೂ ತಿದ್ದಿ ಬಂತು.

ಪರದೆ ಪೂರ್ತಿ ಕಪ್ಪಾದರೂ ಗಾಬರಿ ಬೇಡ. ಸಿಡಿಲು, ತೇವ, ಒಳಗೆ ಗೂಡು ಕಟ್ಟುವ ಇರುವೆ ಇವುಗಳಿಂದ ಪರದೆ ಸಾಯಬಹುದು. ಆದರೆ ಲೆಕ್ಕ ಮೀಟರಿನ ನೆನಪಿನಲ್ಲಿ ಬೇರೆಯಾಗಿ ಉಳಿದಿರುತ್ತದೆ. ಒಳಗಿನ ಭಾಗ ಸುಟ್ಟಿರದಿದ್ದರೆ ಇಲಾಖೆಯವರು ತಮ್ಮ ಸಾಧನದಿಂದ ಅದನ್ನು ತೆಗೆಯಬಲ್ಲರು. ಆದ್ದರಿಂದ ಸರಾಸರಿ ಲೆಕ್ಕಕ್ಕೆ ಒಪ್ಪುವ ಮೊದಲು, ಮೀಟರಿನ ಒಳಗಿನ ರೀಡಿಂಗ್ ತೆಗೆಯಿರೆಂದು ಕೇಳಿ.

4. ಸ್ಮಾರ್ಟ್ ಮೀಟರಿದ್ದವರಿಗೆ

2025ರಿಂದ ನಮ್ಮ ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಹಾಕುವ ಕ್ರಮ ಆರಂಭವಾಯಿತು. ಅಳೆಯುವ ಕೆಲಸದಲ್ಲಿ ಇದಕ್ಕೂ ಹಿಂದಿನ ಎಲೆಕ್ಟ್ರಾನಿಕ್ ಮೀಟರಿಗೂ ಹೆಚ್ಚು ಭೇದವಿಲ್ಲ. ಮೇಲಿನ ಮೂರು ಪರೀಕ್ಷೆಗಳು ಇದಕ್ಕೂ ಹೊಂದುತ್ತವೆ. ಇದು ತನ್ನ ಲೆಕ್ಕವನ್ನು ತಾನೇ ಕಚೇರಿಗೆ ಕಳಿಸುತ್ತದೆ, ಕಚೇರಿಯಿಂದಲೇ ಸಂಪರ್ಕವನ್ನು ಕಡಿಯಬಹುದು, ಕೊಡಬಹುದು ಎಂಬುದೇ ಹೊಸತು.

ಗುಡ್ಡದ ಮರೆಯಲ್ಲಿ ಸಿಗ್ನಲ್ಲು ಸಿಗದಿದ್ದರೆ ಮೊಬೈಲಿನಲ್ಲಿ ಕಾಣುವ ಅಂಕಿ ಹಳೆಯದಾಗಿರಬಹುದು. ಮೀಟರು ಮಾತ್ರ ಎಣಿಸುತ್ತಲೇ ಇದ್ದು, ಸಂಪರ್ಕ ಸಿಕ್ಕಾಗ ಬಾಕಿಯನ್ನು ಕಳಿಸುತ್ತದೆ. ಆದ್ದರಿಂದ ಮೊಬೈಲಿನ ಅಂಕಿಗೂ ಗೋಡೆಯ ಅಂಕಿಗೂ ವ್ಯತ್ಯಾಸ ಬಂದರೆ ಗೋಡೆಯದನ್ನು ತಾರೀಕು, ವೇಳೆ ಸಹಿತ ಫೋಟೋ ತೆಗೆದಿಡಿ. ಅಕ್ಕಪಕ್ಕದ ಮನೆಗಳಲ್ಲಿ ಕರೆಂಟಿದ್ದು ನಿಮ್ಮಲ್ಲಿ ಮಾತ್ರ ಇಲ್ಲದಿದ್ದರೆ, ಮೈನ್ ಸರಿಯಾಗಿದ್ದು ಮೀಟರಿನ ಪರದೆಯೂ ಉರಿಯುತ್ತಿದ್ದರೆ, ಮೀಟರಿನೊಳಗಿನ ಸ್ವಿಚ್ಚು ಬಿಟ್ಟುಕೊಂಡಿರಬಹುದು. 1912ಕ್ಕೆ ಫೋನ್ ಮಾಡಿ.

5. ದೂರು ಕೊಡುವ ಕ್ರಮ

ಅ) ಒಂದು ವಾರ ಪ್ರತಿದಿನ ಒಂದೇ ಹೊತ್ತಿಗೆ ರೀಡಿಂಗ್ ಬರೆದಿಡಿ. ಪರೀಕ್ಷೆಯ ದಿನದ ಮಿನುಗಿನ ಲೆಕ್ಕವನ್ನೂ ವೋಲ್ಟೇಜನ್ನೂ ಸೇರಿಸಿ.

ಆ) 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅಷ್ಟಕ್ಕೇ ನಿಲ್ಲದೆ ಶಾಖಾಧಿಕಾರಿಗಳಿಗೆ ಬರಹದಲ್ಲಿ ಅರ್ಜಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿ. ಆರ್.ಆರ್. ನಂಬರನ್ನು ಮರೆಯಬೇಡಿ.

ಇ) 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಮಾಡಿದ ತಿದ್ದುಪಡಿಯಂತೆ, ರೀಡಿಂಗ್ ನಿಜವಾದ ಬಳಕೆಗೆ ಹೊಂದುವುದಿಲ್ಲವೆಂದು ದೂರು ಬಂದರೆ 5 ದಿನಗಳೊಳಗೆ ಇನ್ನೊಂದು ಮೀಟರನ್ನು ಜೊತೆಗೆ ಹಾಕಿ, ಕನಿಷ್ಠ 3 ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು. ಅರ್ಜಿಯಲ್ಲಿ ಇದನ್ನು ಸ್ಪಷ್ಟವಾಗಿ ಕೇಳಿ.

ಈ) ಮೀಟರು ಓದಲಾಗಲಿಲ್ಲವೆಂದು ಅಂದಾಜು ಬಿಲ್ಲನ್ನು ಒಂದು ಆರ್ಥಿಕ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ಕೊಡುವಂತಿಲ್ಲ ಎಂದು ಅದೇ ನಿಯಮಗಳು ಹೇಳುತ್ತವೆ. ಪ್ರಕೃತಿ ವಿಕೋಪದಂಥ ಸಂದರ್ಭ ಮಾತ್ರ ಇದಕ್ಕೆ ಹೊರತು.

ಉ) ಶಾಖೆಯಲ್ಲಿ ಕೆಲಸವಾಗದಿದ್ದರೆ, 2003ರ ವಿದ್ಯುಚ್ಛಕ್ತಿ ಕಾಯಿದೆಯ 42ನೇ ಕಲಮಿನ ಮೇರೆಗೆ ಗ್ರಾಹಕರ ಕುಂದುಕೊರತೆ ವೇದಿಕೆಗೆ, ಅಲ್ಲಿಯೂ ಸಮಾಧಾನವಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮೊಹರು ಬಿದ್ದ ಆ ಎರಡನೇ ಪ್ರತಿ ಅಲ್ಲಿ ಬೇಕಾಗುತ್ತದೆ.

6. ಮಾಡಬಾರದ್ದು

ಇರುವೆ ತೆಗೆಯಲೆಂದೋ, ಒಳಗಿನ ನೀರು ಒರೆಸಲೆಂದೋ ಮೀಟರಿನ ಸೀಲು ಮುರಿಯಬೇಡಿ. ಮೀಟರಿಗೆ ಕೈಹಾಕಿದ್ದು ಅದೇ ಕಾಯಿದೆಯ 135ನೇ ಕಲಮಿನಂತೆ ಕಳವಿನ ಆರೋಪಕ್ಕೆ ದಾರಿಯಾಗುತ್ತದೆ. ನ್ಯಾಯ ನಿಮ್ಮ ಕಡೆಯಿದ್ದರೂ ಮುರಿದ ಸೀಲು ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಮಳೆ ಎರಚುವ ಗೋಡೆಯಲ್ಲಿ ಮೀಟರಿದ್ದರೆ ಮೇಲೊಂದು ತಗಡಿನ ಮರೆ ಕಟ್ಟಿ, ಸ್ಥಳ ಬದಲಿಸಲು ಅರ್ಜಿ ಕೊಡಿ. ಬಿಲ್ಲು ಕಡಿಮೆ ಬಂದ ತಿಂಗಳಲ್ಲಿಯೂ ಕಾರಣ ಹುಡುಕಿ. ಇಂದು ಬಿಟ್ಟುಹೋದದ್ದು ನಾಳೆ ಬಾಕಿಯಾಗಿ ಬರುತ್ತದೆ.

ಅಭ್ಯಾಸ

1. ನಿಮ್ಮ ಮೀಟರಿನಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು? ಈ ಸಂಚಿಕೆಯ ಅಂಚಿನಲ್ಲಿಯೇ ಬರೆದಿಟ್ಟುಕೊಳ್ಳಿ.
2. 1600 ಮಿನುಗಿನ ಮೀಟರಿನಲ್ಲಿ 1000 ವಾಟಿನ ಕಡ್ಡಿಯನ್ನು 230 ವೋಲ್ಟಿನಲ್ಲಿ 6 ನಿಮಿಷ ನಡೆಸಿದರೆ ಎಷ್ಟು ಮಿನುಗು ಬರಬೇಕು? (ಉತ್ತರ: 160)
3. ಇ/ಎಲ್ ದೀಪ ಹೊತ್ತಿದೆಯೇ? ಹೊತ್ತಿದ್ದರೆ ನಾಳೆಗೆ ಬಿಡಬೇಡಿ, ಇಂದೇ ವೈರಿಂಗಿನವರನ್ನು ಕರೆಸಿ.

ಮೂರನೆಯ ಪ್ರಶ್ನೆಯನ್ನು ಮೊದಲು ನೋಡಿಕೊಂಡರೂ ಆದೀತು. ತಪ್ಪು ಬಿಲ್ಲನ್ನು ಮುಂದಿನ ತಿಂಗಳು ತಿದ್ದಿಸಿಕೊಳ್ಳಬಹುದು, ಹೋದ ಜೀವವನ್ನು ತಿದ್ದಿಸಿಕೊಳ್ಳಲಾಗದು.